ಲೈನ್ ಮನೆಯ ಮೂರನೇ ಬಾಗಿಲು

೯ ಜನವರಿ ೨೦೨೫, ಗುರುವಾರ

ಬೆಳಗಿನ ಹಾಜರಿ ಹನ್ನೊಂದು. ಬೇಕಿದ್ದದ್ದು ಇಪ್ಪತ್ತೈದು. ರೊಬಸ್ಟಾ ಕಾಫಿ ಹಣ್ಣಾಗಿ ಎರಡು ವಾರ ಕಳೆಯಿತು. ಕೆರೆ ಮೇಲಿನ ಬ್ಲಾಕಿನಲ್ಲಿ ಗಿಡದಲ್ಲೇ ಒಣಗಿ ಉದುರುತ್ತಿದೆ. ಹದಿನೈದು ಜನರನ್ನು ಕಳಿಸುತ್ತೇನೆಂದಿದ್ದ ಏಜೆಂಟ್ ಮೂರು ದಿನದಿಂದ ಫೋನ್ ಎತ್ತುತ್ತಿಲ್ಲ. ಇಪ್ಪತ್ತೆರಡು ಎಕರೆಗೆ ಲೆಕ್ಕ ಬರೆಯುವ ರೈಟರನ್ನು ಇಟ್ಟುಕೊಳ್ಳಲಾಗುವುದಿಲ್ಲ. ಹಾಜರಿ, ತೂಕ, ಜನ ಹುಡುಕುವುದು ಎಲ್ಲ ನಾನೇ. ಮಂಡಿ ನೋವು ಹಾಗೇ ಇದೆ.

ಮಧ್ಯಾಹ್ನ ಒಂದೂವರೆಗೆ ತಾಯಿ, ಮಗಳು ಇಬ್ಬರು ಆಲ್ದೂರಿನಲ್ಲಿ ಬಸ್ಸಿಳಿದು ನಾಲ್ಕು ಕಿಲೋಮೀಟರ್ ನಡೆದುಕೊಂಡು ಬಂದರು. ತಾಯಿ ರಾಮಮ್ಮ, ಅರವತ್ತರ ಹತ್ತಿರ. ಮಗಳು ರಜನಿ, ಮೂವತ್ತಿರಬಹುದು. ಹೊಳಲ್ಕೆರೆ ಕಡೆಯವರು. ಮದುವೆಗೆ ಮೊದಲು ಏಳೆಂಟು ವರ್ಷ ಮಗಳು ಕಳಸದ ಕಡೆಯ ತೋಟಗಳಿಗೆ ಕೊಯ್ಲಿಗೆ ಬರುತ್ತಿದ್ದಳಂತೆ. ಆಧಾರ್ ಕಾರ್ಡ್ ಕೇಳಿದರೆ ಊರಲ್ಲೇ ಬಿಟ್ಟು ಬಂದಿದ್ದೇವೆ ಎಂದಳು ತಾಯಿ. ಜನ ಸಿಕ್ಕಿದ್ದೇ ಹೆಚ್ಚು, ಒತ್ತಾಯ ಮಾಡಲಿಲ್ಲ. ಕೆಲಸದವರು ಸಾಲಾಗಿ ಇರುವ ಲೈನ್ ಮನೆಯ ಮೂರನೇ ಬಾಗಿಲು ಕೊಟ್ಟೆ. ಮಗಳು ಎರಡು ಸಲ ಕರೆದರೂ ತಿರುಗುವುದಿಲ್ಲ. ಗಮನ ಕಡಿಮೆ ಇರುವವಳಂತೆ ಕಂಡಳು.

೧೧ ಜನವರಿ, ಶನಿವಾರ

ಗಮನ ಕಡಿಮೆ ಎಂದು ಬರೆದದ್ದು ತಪ್ಪು. ಆ ಹೊಸ ಹೆಂಗಸು ನಿನ್ನೆ ೧೩೮ ಕೆ.ಜಿ., ಇವತ್ತು ೧೫೭. ಉಳಿದವರ ಸರಾಸರಿ ತೊಂಬತ್ತು. ರೆಂಬೆಯ ಬುಡದಿಂದ ತುದಿಗೆ ಎರಡೂ ಕೈ ಒಟ್ಟಿಗೆ ಎಳೆಯುತ್ತಾಳೆ. ಹಣ್ಣು ಬೀಳುತ್ತದೆ, ಎಲೆ ನಿಲ್ಲುತ್ತದೆ. ಹೇಳಿಕೊಟ್ಟರೆ ಬರುವ ಕೈಯಲ್ಲ ಅದು.

ತಾಯಿ ಹಿಂದಿನಿಂದ ಉದುರು ಹಣ್ಣು ಆಯುತ್ತಾಳೆ. ಬಾಯಿ ನಿಲ್ಲುವುದಿಲ್ಲ. ಸಂಜೆ ತೂಕದ ಹೊತ್ತಿಗೆ ಎಲ್ಲರೆದುರು, "ನಿಮ್ ತಕ್ಕಡಿಗೆ ಹಸಿವು ಜಾಸ್ತಿ ಸ್ವಾಮಿ, ಚೀಲಕ್ಕೆ ಎರಡು ಕೆ.ಜಿ. ನುಂಗ್ತೈತೆ," ಎಂದಳು. ಹೆಂಗಸರೆಲ್ಲ ನಕ್ಕರು. ಪರೀಕ್ಷೆ ಮಾಡಿದೆ. ಒಂದೂವರೆ ಕೆ.ಜಿ. ಕಡಿಮೆ ತೋರಿಸುತ್ತಿತ್ತು. ಸರಿಮಾಡಿಸಿದೆ.

೧೩ ಜನವರಿ, ಸೋಮವಾರ

೧೮೬ ಕೆ.ಜಿ.! ನಮ್ಮ ತೋಟದಲ್ಲಿ ಇಷ್ಟು ಯಾರೂ ಕೊಯ್ದಿಲ್ಲ.

ನಮ್ಮ ಸುತ್ತಿನ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ನಲವತ್ಮೂರು ಜನ ಇದ್ದೇವೆ. ಮಳೆಗಾಲದಲ್ಲಿ ಯಾರ ತೋಟಕ್ಕೆ ಎಷ್ಟು ಇಂಚು ಬಿತ್ತು ಎಂದು ಹಾಕುತ್ತೇವೆ. ಕೊಯ್ಲಿನಲ್ಲಿ, ಸಂಜೆ ತೂಕ ಮುಗಿದ ಮೇಲೆ, ಅವತ್ತು ಅತಿ ಹೆಚ್ಚು ಕೊಯ್ದವರನ್ನು ಚೀಲದ ಪಕ್ಕ ನಿಲ್ಲಿಸಿ ಫೋಟೋ. ಮೂರು ವರ್ಷದಿಂದ ವಸ್ತಾರೆಯ ಪ್ರಸಾದನ ತೋಟವೇ ಮುಂದೆ. ತಾರೀಕು, ಗಂಟೆ, ಊರಿನ ಹೆಸರು, ಅಕ್ಷಾಂಶ, ರೇಖಾಂಶ ಎಲ್ಲವೂ ಫೋಟೋದ ಕೆಳಗೆ ತಾನೇ ಅಚ್ಚಾಗುವ ಆ್ಯಪ್‌ನಲ್ಲೇ ತೆಗೆಯಬೇಕು. ಹಿಂದೊಮ್ಮೆ ಒಬ್ಬರು ಹಳೆಯ ಫೋಟೋ ಹಾಕಿ ಸಿಕ್ಕಿಬಿದ್ದ ಮೇಲೆ ಈ ನಿಯಮ ಮಾಡಿದವನು ನಾನೇ.

ರಜನಿ ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡು ಫೋಟೋ ಬೇಡ ಎಂದಳು. ನಾಚಿಕೆ. ನಮ್ಮ ಗುಂಪಿಗೆ ಮಾತ್ರ, ಹೊರಗೆ ಹೋಗುವುದಿಲ್ಲ, ನನ್ನ ಮಾತು ನಂಬು ಎಂದೆ. ಟವೆಲ್ ಸರಿಸಿದಳು. ನಗಲಿಲ್ಲ.

ಪ್ರಸಾದ್ ಐದೇ ನಿಮಿಷಕ್ಕೆ ಫೋನ್ ಮಾಡಿದ. "ಎಂತ ಮಾರಾಯ, ತಕ್ಕಡಿ ಮೇಲೆ ನೀನೇ ಹತ್ತಿ ನಿಂತಿದ್ಯಾ?" ಬಹಳ ದಿನದ ಮೇಲೆ ನಕ್ಕೆ.

೧೬ ಜನವರಿ, ಗುರುವಾರ

ಸಂಕ್ರಾಂತಿಗೆ ಊರಿಗೆ ಹೋದ ನಾಲ್ವರು ವಾಪಸು ಬಂದಿಲ್ಲ. ಹಾಜರಿ ಒಂಬತ್ತು.

ಪ್ರಸಾದ್ ಕಾಫಿಪುಡಿ ಮಾರಲು ಇನ್‌ಸ್ಟಾಗ್ರಾಂ ಪೇಜ್ ನಡೆಸುತ್ತಾನೆ. ರಜನಿಯ ಫೋಟೋಕ್ಕೆ ಹಾಡು ಸೇರಿಸಿ, ಜೊತೆಗೆ ನಾನು ಕಳಿಸಿದ್ದ ಹತ್ತು ಸೆಕೆಂಡಿನ ವಿಡಿಯೋ ಹಾಕಿ ರೀಲ್ ಮಾಡಿದ್ದಾನೆ. ಹಾಕಲಾ ಎಂದು ಮೊನ್ನೆ ಕೇಳಿದ್ದ, ಹೆಬ್ಬೆರಳಿನ ಚಿಹ್ನೆ ಒತ್ತಿದ್ದೆ. "ಮಲೆನಾಡಿನ ಚಿನ್ನದ ಕೈ" ಎಂದು ಶೀರ್ಷಿಕೆ. ಬೆಳಗ್ಗೆ ೪೦ ಸಾವಿರ ಜನ ನೋಡಿದ್ದರು, ಸಂಜೆಗೆ ೧ ಲಕ್ಷ ೧೨ ಸಾವಿರ.

ತನುಜಾಗೆ ತೋರಿಸಿದೆ. ಅವಳು ರೀಲ್ ನೋಡಿ, "ನೀವು ಅವಳನ್ನ ಕೇಳಿದ್ರಾ?" ಎಂದಳು. ಹಾಕಿದ್ದು ಪ್ರಸಾದ್, ನಾನಲ್ಲ ಎಂದೆ. ಹೆಂಡತಿಗೆ ಎಲ್ಲದರಲ್ಲೂ ಒಂದು ಅನುಮಾನ.

೧೭ ಜನವರಿ, ಶುಕ್ರವಾರ

೨ ಲಕ್ಷ ೯೦ ಸಾವಿರ. ಪ್ರತಿಕ್ರಿಯೆಗಳನ್ನೆಲ್ಲ ಓದುತ್ತ ಕುಳಿತು ಕಣದ ಕಾಫಿ ತಿರುವಿಸುವುದು ಮರೆತೇಹೋಯಿತು. ಒಬ್ಬ, ಇದು ಯಾವ ತೋಟ, ಕೆಲಸ ಇದೆಯಾ ಎಂದು ಕೇಳಿದ್ದ. ಕೆಲಸವಿದೆ, ಜನ ಬೇಕು, ಕರೆ ಮಾಡಿ ಎಂದು ನನ್ನ ನಂಬರ್ ಹಾಕಿದೆ. ಏಜೆಂಟರ ಕಾಲು ಹಿಡಿಯುವುದಕ್ಕಿಂತ ಇದೇ ವಾಸಿ.

೧೮ ಜನವರಿ, ಶನಿವಾರ

ಒಳ್ಳೆಯ ಸುದ್ದಿ. ಹೊಳಲ್ಕೆರೆ ಕಡೆಯಿಂದ ರಾಜೇಶ್ ಎನ್ನುವವನ ಫೋನ್. ಮರ್ಯಾದೆಯ ಮಾತು. ಆರು ಜನ ಇದ್ದೇವೆ, ಸೋಮವಾರ ಬರುತ್ತೇವೆ ಎಂದ. ವಿಡಿಯೋದಲ್ಲಿರುವವರು ನಮ್ಮೂರಿನ ಕಡೆಯವರೇ, ಅವರು ಇರುವ ತೋಟವಾದರೆ ನಮ್ಮ ಹೆಂಗಸರೂ ಧೈರ್ಯವಾಗಿ ಬರುತ್ತಾರೆ ಎಂದ. ಅವರು ಇರಲು ಜಾಗ ಹೇಗಿದೆ ಎಂದು ವಿಚಾರಿಸಿದ. ಲೈನ್ ಮನೆ, ಮೂರನೇ ಬಾಗಿಲು, ತಾಯಿ ಮಗಳು ಇಬ್ಬರೇ ಇದ್ದಾರೆ, ಪಕ್ಕದ ಎರಡು ಬಾಗಿಲು ಖಾಲಿ, ಅಲ್ಲೇ ಕೊಡುತ್ತೇನೆ ಎಂದೆ. ಆಲ್ದೂರಿನಿಂದ ದಾರಿ ಹೇಳಿದೆ. ಫೋನಿಡುವ ಮುಂಚೆ, ಅವರಿಗೆ ಈಗಲೇ ಹೇಳಬೇಡಿ, ದಿಢೀರನೆ ಕಂಡು ಖುಷಿಪಡಲಿ ಎಂದ. ಆಗಲಿ ಎಂದೆ.

ಆರು ಜನ ಬಂದರೆ ಕೆರೆ ಮೇಲಿನ ಬ್ಲಾಕ್ ಹತ್ತು ದಿನದಲ್ಲಿ ಮುಗಿಯುತ್ತದೆ. ರಾತ್ರಿ ಸರಿಯಾಗಿ ನಿದ್ದೆ ಬರಬಹುದು.

೨೦ ಜನವರಿ, ಸೋಮವಾರ

ಇವತ್ತು ತೂಕ ಹಾಕಲಿಲ್ಲ.

೨೧ ಜನವರಿ, ಮಂಗಳವಾರ

ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನಿನ್ನೆ ಹತ್ತೂಕಾಲಿಗೆ ಜೀಪು ಬಂತು. ಆರಲ್ಲ, ಮೂವರೇ ಗಂಡಸರು. ಕೆಲಸಕ್ಕೆ ಬರುವವರು ಪಾತ್ರೆ, ಕಂಬಳಿ, ಗಂಟು ತರುತ್ತಾರೆ. ಇವರ ಕೈಯಲ್ಲಿ ಏನೂ ಇರಲಿಲ್ಲ. ನೋಡಿದೆ, ನೋಡಿಯೂ ಸಾಮಾನು ಹಿಂದೆ ಬರುತ್ತಿರಬೇಕು ಎಂದುಕೊಂಡೆ. ರಾಜೇಶ್ ಕೈಮುಗಿದ. ಅವರೆಲ್ಲಿ ಎಂದು ಕೇಳಿದ. ಕೆರೆ ಮೇಲಿನ ಬ್ಲಾಕಿನತ್ತ ಬೆರಳು ತೋರಿಸಿದೆ.

ಇಬ್ಬರು ಆ ಕಡೆ ಹೋದರು. ರಾಜೇಶ್ ಲೈನ್ ಕಡೆ ತಿರುಗಿದ. ಬಾಯಾರಿಕೆಯಾಗಿರಬೇಕೆಂದು ನಾನೂ ಹಿಂದೆ ಹೋದೆ. ಅಷ್ಟರಲ್ಲಿ ಪಾತ್ರೆ ಬೀಳುವ ಸದ್ದು. ಸೊಂಟ ನೋವೆಂದು ರಾಮಮ್ಮ ಆವತ್ತು ಕೆಲಸಕ್ಕೆ ಹೋಗಿರಲಿಲ್ಲ. ಅವನು ಅವಳ ಮುಂಗೈ ಹಿಡಿದು ತಿರುಚುತ್ತಿದ್ದ. ಅಕ್ಕಿ ನೆಲದ ಮೇಲೆ ಚೆಲ್ಲಿತ್ತು. ಬಿಡೋ ಎಂದು ಕೂಗಿದೆ. ಅವನು ಬಿಡಲಿಲ್ಲ. ನನ್ನನ್ನು ನೋಡಿ, ಅದೇ ಮರ್ಯಾದೆಯ ದನಿಯಲ್ಲಿ ಹೇಳಿದ:

"ನೀವೇ ಅಲ್ವಾ ಸ್ವಾಮಿ ಫೋನ್ನಾಗೆ ಹೇಳಿದ್ದು, ಮೂರ್ನೇ ಬಾಗ್ಲು ಅಂತ? ನನ್ ಹೆಂಡ್ತಿ ಕರ್ಕಂಡ್ ಹೋಗಾಕೆ ಬಂದೀನಿ. ನೀವು ಪಕ್ಕಕ್ಕೆ ನಿಂತ್ಕಳಿ."

ರಾಮಮ್ಮ ನನ್ನ ಕಡೆ ತಿರುಗಿದಳು. ನೋವಿನಲ್ಲೂ ಅವಳು ನೋಡಿದ್ದು ನನ್ನನ್ನು, ಅವನನ್ನಲ್ಲ.

ನಾನು ಅವನ ತೋಳು ಹಿಡಿದು ಎಳೆದೆ. ಅವನು ತಳ್ಳಿದ, ಬಾಗಿಲ ಕಟ್ಟೆಗೆ ಮಂಡಿ ಬಡಿಯಿತು. ಕಣದಲ್ಲಿದ್ದವರು ಓಡಿಬಂದ ಮೇಲೆ ಬಿಟ್ಟ.

ಬ್ಲಾಕಿನಲ್ಲಿ ನಡೆದದ್ದು ಆಮೇಲೆ ತಿಳಿಯಿತು. ಗಿಡಗಳ ಸಂದಿನಲ್ಲಿ ಬರುತ್ತಿದ್ದವರನ್ನು ರಜನಿ ದೂರದಿಂದಲೇ ಕಂಡು ಕೆಳಗಿನ ಹಳ್ಳಕ್ಕೆ ಇಳಿದಿದ್ದಾಳೆ. ಆ ಇಬ್ಬರು ಕೇಳಿದಾಗ ಕೊಯ್ಯುತ್ತಿದ್ದ ನಾಲ್ವರು ಹೆಂಗಸರೂ, ಅವಳು ಬೆಳಗ್ಗೆಯೇ ಆಲ್ದೂರಿಗೆ ಆಸ್ಪತ್ರೆಗೆ ಹೋದಳು ಎಂದಿದ್ದಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆ ನಾಲ್ವರೂ ಒಂದೇ ಸುಳ್ಳು ಹೇಳಿದರು. ಜೀಪು ಆಲ್ದೂರಿಗೆ ಹೋಯಿತು. ನಾಲ್ಕು ಗಂಟೆಗೆ ಆ ಹೆಂಗಸರೇ ಹಳ್ಳದಿಂದ ಅವಳನ್ನು ಕರೆತಂದರು. ಸೊಂಟದವರೆಗೆ ಒದ್ದೆ.

ತನುಜಾ ರಾಮಮ್ಮನ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದಳು. ಮೂಳೆ ಮುರಿದಿಲ್ಲ. ಉಳಿದದ್ದು ತನುಜಾಳಿಂದಲೇ ಗೊತ್ತಾಯಿತು. ಆರು ವರ್ಷದ ಮದುವೆ. ರಜನಿಯ ಎಡಗಿವಿ ಕೇಳಿಸುವುದಿಲ್ಲ, ಅದು ಅವನ ಹೊಡೆತದಿಂದ ಹೋದದ್ದು. ಮೊದಲು ಒಂದು ಸಲ ತವರಿಗೆ ಓಡಿಹೋದಾಗ ಊರಿನ ಹಿರಿಯರು ರಾಜಿ ಮಾಡಿ ವಾಪಸು ಕಳಿಸಿದ್ದರು. ಈ ಸಲ ಯಾರಿಗೂ ಹೇಳದೆ ಬಂದಿದ್ದರು. ಹನ್ನೊಂದು ದಿನ ಗೊತ್ತಾಗದೆ ಇದ್ದರು.

೨೨ ಜನವರಿ, ಬುಧವಾರ

ರೀಲ್ ತೆಗೆ ಎಂದು ಪ್ರಸಾದ್‌ಗೆ ಹೇಳಿದೆ. ನಾಲ್ಕೂವರೆ ಲಕ್ಷ ದಾಟಿದೆ, ಇವತ್ತೊಂದು ದಿನ ಇರಲಿ ಎಂದ. ನಡೆದದ್ದು ಹೇಳಿದೆ. ಆಮೇಲೆ, "ಮೊದ್ಲೇ ಹೇಳ್ಬಾರ್ದಿತ್ತಾ ಮಾರಾಯ," ಎಂದು ತೆಗೆದುಹಾಕಿದ. ನನಗೇ ಗೊತ್ತಿರಲಿಲ್ಲ ಎಂದೆ. ಅವಳು ಬೇಡ ಎಂದದ್ದು ಗೊತ್ತಿತ್ತು, ಅದನ್ನು ಅವನಿಗೆ ಹೇಳಲಿಲ್ಲ.

ತೆಗೆದರೂ ಹೋಗಿಲ್ಲ. ಹುಡುಕಿದಾಗ ಇನ್ನೂ ಏಳು ಪೇಜುಗಳಲ್ಲಿ ಅದೇ ವಿಡಿಯೋ ಸಿಕ್ಕಿತು. ಒಂದು ಅಡಿಕೆ ವ್ಯಾಪಾರದ್ದು, ಒಂದು ಭಕ್ತಿಗೀತೆಗಳದ್ದು. ಏಳಕ್ಕೂ ಬರೆದೆ. ಎರಡು ಪೇಜಿನವರು ತೆಗೆದರು. ಒಬ್ಬ, ನೀವು ಯಾರು ಕೇಳಲು ಎಂದ.

ಎಲ್ಲದರಲ್ಲೂ ಕೆಳಗಿನ ಅಂಚಿನಲ್ಲಿ ಆ ಬಿಳಿ ಅಕ್ಷರ ಹಾಗೇ ಇದೆ. ಊರು, ತಾಲ್ಲೂಕು, ಸಂಜೆ ಐದು ಇಪ್ಪತ್ತು. ಆ ಅಕ್ಷರ ಅವನನ್ನು ಆಲ್ದೂರಿನವರೆಗೆ ತಂದಿರಬಹುದು. ಅಲ್ಲಿಂದ ಮೂರನೇ ಬಾಗಿಲಿನವರೆಗೆ ತಂದದ್ದು ನಾನು.

ಸಂಜೆ ತನುಜಾ ನನ್ನ ಫೋನ್ ತೆಗೆದುಕೊಂಡು ನೋಡಿದಳು. ನಾನೆಲ್ಲಿದ್ದೇನೆಂದು ತಿಳಿಯಲು ಇಪ್ಪತ್ತೇಳು ಆ್ಯಪ್‌ಗಳಿಗೆ ಒಪ್ಪಿಗೆ ಕೊಟ್ಟಿದ್ದೇನೆ. ಅದರಲ್ಲಿ ಕಾಫಿ ದರ ತೋರಿಸುವವು ಎರಡು, ಟಾರ್ಚ್ ಒಂದು. ಯಾವಾಗ ಒತ್ತಿದೆ ನೆನಪಿಲ್ಲ. ಗೊಬ್ಬರದ ಚೀಲದ ಮೇಲಿನ ಅಕ್ಷರವನ್ನೂ ಬಿಡದೆ ಓದುವವನು ನಾನು. ಇವು ಯಾವುದನ್ನೂ ಓದಿಲ್ಲ.

೨೪ ಜನವರಿ, ಶುಕ್ರವಾರ

ಠಾಣೆಗೆ ಹೋಗೋಣ ಎಂದರೆ ರಾಮಮ್ಮ ಒಪ್ಪುವುದಿಲ್ಲ. ಅರ್ಜಿ ಕೊಟ್ಟರೆ ಅವನನ್ನು ಕರೆಸುತ್ತಾರೆ, ಎದುರುಬದುರು ಕೂರಿಸುತ್ತಾರೆ, ಮತ್ತೆ ರಾಜಿ ಮಾತು ಬರುತ್ತದೆ ಎನ್ನುತ್ತಾಳೆ. ನಾನು ಜೊತೆಗಿರುತ್ತೇನೆ, ಹಾಗಾಗಲು ಬಿಡುವುದಿಲ್ಲ ಎಂದೆ. ಬೇಡ ಎಂದು ಕೈಯಾಡಿಸಿದಳು. ನನ್ನನ್ನು ತಳ್ಳಿದ್ದರ ಬಗ್ಗೆ ನಾನೊಬ್ಬನೇ ಹೋಗಿ ದೂರು ಕೊಟ್ಟು ಬಂದೆ. ಅವಳ ಹೆಸರು ಬರೆಯಿಸಲಿಲ್ಲ. ಹೋಗುವ ಮೊದಲು ಅವಳನ್ನು ಕೇಳಿದ್ದೆ.

ಬಾಗಿಲಿಗೆ ಕಬ್ಬಿಣದ ಪಟ್ಟಿ ಹಾಕಿಸುತ್ತೇನೆ, ಒಳಗಿನಿಂದ ಚಿಲಕ ಹಾಕಿಸುತ್ತೇನೆ ಎಂದೆ. ರಾಮಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

"ಬಾಗ್ಲು ಗಟ್ಟಿ ಮಾಡಿದ್ರೆ ಏನ್ ಬಂತು ಸ್ವಾಮಿ, ಹೇಳೋ ಬಾಯಿ ಹಂಗೇ ಐತಲ್ಲ."

ತನುಜಾ ಪಕ್ಕದಲ್ಲೇ ಇದ್ದಳು. ಆ ಕೈಯ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿಕೊಟ್ಟಳು.

ಸಂಜೆ ರಾಜೇಶನ ಫೋನ್. ಈ ವಾರದಲ್ಲೇ ಹತ್ತು ಜನರನ್ನು ಕರೆದುಕೊಂಡು ಬರುತ್ತಾನಂತೆ. ನಂಬರ್ ತಡೆಹಿಡಿದೆ. ಅರ್ಧ ಗಂಟೆಗೆ ಬೇರೆ ನಂಬರಿನಿಂದ ಮಾಡಿದ.

೨೫ ಜನವರಿ, ಶನಿವಾರ

ಮಳೆ ಇಲ್ಲ. ಹಾಜರಿ ಏಳು.

೨೬ ಜನವರಿ, ಭಾನುವಾರ

ಹೋಗುತ್ತೇವೆ ಎಂದರು. ಎಲ್ಲಿಗೆ ಎಂದು ಕೇಳಿದೆ. ರಜನಿ ಬಟ್ಟೆಯ ಗಂಟು ಕಟ್ಟುತ್ತಲೇ ಇದ್ದಳು.

ನನ್ನ ತಂಗಿ ಮೂಡಿಗೆರೆಯಲ್ಲಿದ್ದಾಳೆ, ಅಲ್ಲಿ ಇರಬಹುದು, ಪರಿಚಯದ ತೋಟಗಳಿವೆ, ಫೋನ್ ಮಾಡುತ್ತೇನೆ ಎಂದೆ. ಫೋನ್ ಎಂದ ಕೂಡಲೇ ರಜನಿ ತಲೆಯೆತ್ತಿದಳು. ಹದಿನೇಳು ದಿನದಲ್ಲಿ ಅವಳು ನನ್ನೊಂದಿಗೆ ಆಡಿದ ಮಾತು ಬಹಳ ಕಡಿಮೆ. ಇವತ್ತು ತಾನಾಗಿಯೇ ಹೇಳಿದಳು.

"ಅವತ್ತು ನಾನು ಒಸಿ ಕಮ್ಮಿ ಕುಯ್ದಿದ್ರೆ ಆಗ್ತಿತ್ತು, ಸ್ವಾಮಿ."

ತಪ್ಪು ನಿನ್ನದಲ್ಲ, ನನ್ನದು ಎಂದೆ. ನನ್ನ ದನಿ ಸಣ್ಣದಾಗಿತ್ತು, ಅವಳ ಎಡಕ್ಕೆ ನಿಂತಿದ್ದೆ. ಕೇಳಿಸಿರಲಿಕ್ಕಿಲ್ಲ. ಬಲಕ್ಕೆ ಹೋಗಿ ಇನ್ನೊಮ್ಮೆ ಹೇಳಿದೆ. ತಲೆಯಾಡಿಸಿದಳು. ಒಪ್ಪಿದಳೋ, ಕೇಳಿಸಿತು ಎಂದಷ್ಟೇ ತಿಳಿಸಿದಳೋ ಗೊತ್ತಾಗಲಿಲ್ಲ.

೨೭ ಜನವರಿ, ಸೋಮವಾರ

ಹನ್ನೊಂದು ಗಂಟೆಗೆ, ಉಳಿದವರೆಲ್ಲ ಬ್ಲಾಕಿನಲ್ಲಿದ್ದು ಲೈನ್ ಖಾಲಿ ಇರುವಾಗ, ಇಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೊರಟೆ. ಫೋನನ್ನು ಮನೆಯಲ್ಲೇ ಬಿಟ್ಟೆ. ಆಲ್ದೂರಿಗೆ ಹೋಗಲಿಲ್ಲ. ಒಂದೂಕಾಲು ಗಂಟೆ ಓಡಿಸಿ, ನಾಲ್ಕು ದಿಕ್ಕಿಗೂ ಬಸ್ಸು ಸಿಗುವ ಒಂದು ನಿಲ್ದಾಣದ ಹತ್ತಿರ ಇಳಿಸಿದೆ. ಬಾಕಿ ಕೂಲಿ, ತನುಜಾ ಕಟ್ಟಿಕೊಟ್ಟ ಬುತ್ತಿ, ಒಂದು ಕಂಬಳಿ, ಕೈ ನೋವಿನ ಮಾತ್ರೆ ಕೊಟ್ಟೆ.

ಚೀಟಿಯೊಂದರಲ್ಲಿ ತನುಜಾಳ ನಂಬರ್ ಬರೆದು ಕೊಡಲು ಹೋದೆ. ರಜನಿ ತೆಗೆದುಕೊಂಡಳು. ಬಸ್ಸು ಬರುವವರೆಗೆ ಜೊತೆಗಿರುತ್ತೇನೆ ಎಂದು ಜೀಪಿನ ಕೀಲಿ ತೆಗೆದೆ.

"ನೀವು ಹೋಗ್ರಿ ಸ್ವಾಮಿ," ಎಂದಳು ರಾಮಮ್ಮ. "ನೀವು ಹೋದ್ಮ್ಯಾಲೆ ನಾವು ಯಾವ ಬಸ್ಸು ಅಂತ ನೋಡ್ಕಂತೀವಿ."

ಕೋಪದಿಂದ ಹೇಳಿದ್ದಲ್ಲ. ಗ್ಯಾಸ್ ಆರಿಸಿ ಬಾ ಎಂದು ಹೇಳುವಂತೆ ಹೇಳಿದಳು. ಜೀಪು ತಿರುಗಿಸಿಕೊಂಡು ಬಂದೆ. ಕನ್ನಡಿಯಲ್ಲಿ ನೋಡಬೇಕೆನಿಸಿತು. ಅವರು ಯಾವ ಬಸ್ಸಿನ ಕಡೆ ತಿರುಗುತ್ತಾರೆಂದು ಕಂಡುಬಿಟ್ಟರೆ ಎಂದು ಕನ್ನಡಿಯನ್ನು ಪಕ್ಕಕ್ಕೆ ತಿರುಗಿಸಿದೆ.

ಬಂದ ಮೇಲೆ ತನುಜಾ, ಎಲ್ಲಿ ಬಿಟ್ರಿ ಎಂದು ಕೇಳಿದಳು. ನಿನಗೂ ಬೇಡ ಎಂದೆ. ಸರಿ ಎಂದಳು.

೨೯ ಜನವರಿ, ಬುಧವಾರ

ನಿನ್ನೆ ಸಂಜೆ ರಾಜೇಶನ ಜೀಪು ಮತ್ತೆ ಬಂತು. ಐದು ಜನ. ಠಾಣೆಗೆ ಫೋನ್ ಮಾಡಿದೆ, ಮೊದಲೇ ದೂರು ಕೊಟ್ಟಿದ್ದರಿಂದ ಇಬ್ಬರು ಪೊಲೀಸರು ಬಂದರು. ಅಷ್ಟರಲ್ಲಿ ಅವನು ಮೂರನೇ ಬಾಗಿಲು ತೆಗೆಸಿ ನೋಡಿ, ಖಾಲಿ ಎಂದು ಖಾತ್ರಿ ಮಾಡಿಕೊಂಡು ಹೊರಟಿದ್ದ.

ಇವತ್ತು ಬೆಳಗ್ಗೆ ಎಂಟಕ್ಕೆ ಫೋನ್ ಮಾಡಿದ. ಎಲ್ಲಿಗೆ ಕಳಿಸಿದಿರಿ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಯಾವ ಬಸ್ಸು ಎಂದ. ಗೊತ್ತಿಲ್ಲ. ಬೈದ, ಆಮೇಲೆ ಬೇಡಿಕೊಂಡ, ಮತ್ತೆ ಬೈದ. ಅವನು ಏನು ಮಾಡಿದರೂ ನನ್ನ ಬಾಯಿಂದ ಬರಲು ಏನೂ ಇರಲಿಲ್ಲ. ಆ ಮುದುಕಿ ಎಲ್ಲವನ್ನೂ ಲೆಕ್ಕ ಹಾಕಿಯೇ ನನ್ನನ್ನು ವಾಪಸು ಕಳಿಸಿದ್ದಳು.

ಕೊನೆಗೆ ಅವನು ನಕ್ಕ. "ಆಯ್ತು ಬಿಡಿ. ಅವ್ಳಿಗೆ ಕಾಫಿ ಬಿಟ್ರೆ ಬ್ಯಾರೆ ಕೆಲ್ಸ ಬರಲ್ಲ. ನಿಮ್ಮಂತೋರು ಇನ್ನೊಬ್ರು ಫೋಟೋ ಹಾಕೇ ಹಾಕ್ತಾರೆ, ನಾನು ನೋಡ್ತಾನೇ ಇರ್ತೀನಿ."

ಫೋನಿಟ್ಟ.

ಸ್ವಲ್ಪ ಹೊತ್ತು ಕಣದ ಕಟ್ಟೆಯ ಮೇಲೆ ಕುಳಿತಿದ್ದೆ. ಆಮೇಲೆ ಗುಂಪಿನ ಪಟ್ಟಿ ತೆಗೆದು ಮೇಲಿನಿಂದ ಒಬ್ಬೊಬ್ಬರಿಗೇ ಫೋನ್ ಮಾಡಲು ಶುರುಮಾಡಿದೆ. ಗುಂಪಿನಲ್ಲಿ ಬರೆದು ಹಾಕಿದರೆ ಅದನ್ನೂ ಯಾರೋ ಮುಂದಕ್ಕೆ ಕಳಿಸುತ್ತಾರೆ. ಕೊಯ್ಯುವವರ ಮುಖ ಹಾಕಬೇಡಿ, ಊರು ಹಾಕಬೇಡಿ, ಹಳೆಯವನ್ನು ಅಳಿಸಿ ಎಂದಷ್ಟೇ ಹೇಳಿದೆ. ಯಾಕೆಂದು ಕೇಳಿದವರಿಗೆ ಕಾರಣ ಹೇಳಲಿಲ್ಲ. ಒಬ್ಬರು, ನಿನ್ನ ಜನರನ್ನು ಯಾರೋ ಎಳೆದುಕೊಂಡಿರಬೇಕು ಎಂದು ನಕ್ಕರು. ನಗಲಿ. ಒಬ್ಬರು ನಿಯಮ ಮಾಡಿದವನು ನೀನೇ ಅಲ್ಲವಾ ಎಂದರು. ಹೌದು ಎಂದೆ. ಪ್ರಸಾದ್ ಮಾತ್ರ ಏನೂ ಕೇಳದೆ, ಪಟ್ಟಿಯ ಕೆಳಗಿನ ಹತ್ತು ಜನರನ್ನು ತಾನು ನೋಡಿಕೊಳ್ಳುತ್ತೇನೆ ಎಂದ.

ಊಟದ ಹೊತ್ತಿಗೆ ನನ್ನ ಪಾಲಿನಲ್ಲಿ ಹತ್ತೊಂಬತ್ತು ಆಯಿತು. ಇಪ್ಪತ್ತನೆಯವರು ಎತ್ತಲಿಲ್ಲ, ಮತ್ತೆ ಮಾಡಬೇಕು. ಮೂಡಿಗೆರೆಯ ಬೆಳೆಗಾರರ ಗುಂಪು ಬೇರೆ ಇದೆ, ಕಳಸದ್ದು ಬೇರೆ. ಅಲ್ಲಿ ನನಗೆ ಅಷ್ಟು ಪರಿಚಯವಿಲ್ಲ. ನಾಳೆ ಬೆಳಗ್ಗೆ ಹಾಜರಿ ಮುಗಿಸಿ, ಅವರನ್ನು ಮುಖತಃ ಕಂಡು ಹೇಳಲು ಜೀಪಿನಲ್ಲಿ ಹೊರಡುತ್ತೇನೆ.